ಬಿಟ್ಟು ಬಂದ ಕಂಪ್ಯೂಟರ್‌ನಲ್ಲಿ ನಿಮ್ಮ ಜಿಮೇಲ್ ಇನ್ನೂ ತೆರೆದಿದೆಯಾ?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ತುಸು ತಿದ್ದಲಾಗಿದೆ.)

ಈ ವಾರ ಆದಾಯ ತೆರಿಗೆಯ ಹೊಸ ಪದ್ಧತಿ, ಹಳೇ ಪದ್ಧತಿ ಬಗ್ಗೆ ಮಾತಾಡ್ತೀನಿ ಅಂದಿದ್ದೆ. ನೋಟ್ಸೂ ರೆಡಿ ಇತ್ತು. ಅದನ್ನ ಮುಂದಕ್ಕೆ ಹಾಕಿದೀನಿ. ಯಾಕಂದ್ರೆ ಹೋದ ಸಂಚಿಕೆ ಆದಮೇಲೆ ಒಬ್ಬ ಕೇಳುಗರು ಒಂದು ಉದ್ದನೆಯ ವಾಯ್ಸ್ ಮೆಸೇಜ್ ಕಳಿಸಿದ್ರು. ಅವರ ಒಪ್ಪಿಗೆ ತಗೊಂಡೇ ಹೇಳ್ತಿದೀನಿ. ಹೆಸರು, ಊರು, ಆಫೀಸು ಯಾವುದೂ ಬೇಡ.

ಅವರು ಒಂದು ಸಣ್ಣ ವ್ಯಾಪಾರದ ಆಫೀಸ್‌ನಲ್ಲಿ ಮೂರು ವರ್ಷ ಅಕೌಂಟೆಂಟ್ ಆಗಿದ್ರು. ಟ್ಯಾಲಿ ಎಂಟ್ರಿ, ಜಿಎಸ್‌ಟಿ ರಿಟರ್ನ್, ಪಾರ್ಟಿಗಳಿಗೆ ಬಿಲ್ ಕಳಿಸೋದು, ಎಲ್ಲಾ ಅವರದೇ. ಆಫೀಸಿಗೆ ಅಂತ ಬೇರೆ ಇಮೇಲ್ ಐಡಿ ಮಾಡಿರಲೇ ಇಲ್ಲ. ಬಿಲ್ಲು, ಸ್ಟೇಟ್‌ಮೆಂಟು ಎಲ್ಲಾ ಬರ್ತಿದ್ದದ್ದು ಇವರ ಸ್ವಂತ ಜಿಮೇಲ್‌ಗೆ. ನಮ್ಮ ಸಣ್ಣ ಊರುಗಳ ಆಫೀಸ್ ನೋಡಿದವರಿಗೆ ಇದೇನೂ ಹೊಸದಲ್ಲ. ಆ ಜಿಮೇಲ್ ಆಫೀಸಿನ ಕಂಪ್ಯೂಟರ್‌ನಲ್ಲಿ ಮೂರು ವರ್ಷ ತೆರೆದೇ ಇತ್ತು. ಸಂಜೆ ಕಿಟಕಿ ಮುಚ್ಚೋದು, ಬೆಳಗ್ಗೆ ತೆಗೆಯೋದು. ಪಾಸ್‌ವರ್ಡ್ ಕೇಳ್ತಾನೇ ಇರ್ಲಿಲ್ಲ.

ಬೇರೆ ಊರಲ್ಲಿ ಕೆಲಸ ಸಿಕ್ತು, ಬಿಟ್ರು. ಬಿಟ್ಟ ಒಂದು ವಾರಕ್ಕೆ ಹಳೇ ಯಜಮಾನ್ರು ಫೋನ್ ಮಾಡಿ, 'ಏನಮ್ಮಾ, 22 ಸಾವಿರಕ್ಕೆ ಹೋಗ್ತಿದೀಯಂತೆ, ನನ್ನ ಕೇಳಿದ್ರೆ ನಾನೇ ಕೊಡ್ತಿದ್ನಲ್ಲ' ಅಂದ್ರಂತೆ. ಆ ಮೊತ್ತ ಆಫರ್ ಲೆಟರ್‌ನಲ್ಲಿ ಬಿಟ್ರೆ ಬೇರೆಲ್ಲೂ ಇರ್ಲಿಲ್ಲ. ಮನೆಯಲ್ಲೂ ಹೇಳಿರ್ಲಿಲ್ಲ. ಅವರಿಗೆ ತಕ್ಷಣ ಹೊಳೀತು, ಅದೇ ರಾತ್ರಿ ಪಾಸ್‌ವರ್ಡ್ ಬದಲಾಯಿಸಿದ್ರು. ಸರಿಹೋಯ್ತು ಅಂದ್ಕೊಂಡ್ರು. ಹತ್ತು ದಿನ ಕಳೆದ ಮೇಲೆ ಹೊಸ ಕಂಪನಿಯ ಎಚ್‌ಆರ್‌ಗೆ ಒಂದು ಫೋನ್ ಹೋಗತ್ತೆ. 'ಆ ಹುಡುಗಿ ಲೆಕ್ಕ ಒಪ್ಪಿಸದೆ ಹೋಗಿದ್ದಾಳೆ' ಅಂತ. ಆ ಎಚ್‌ಆರ್ ಹೆಸರು, ನಂಬರು ಇದ್ದದ್ದು ಪಾಸ್‌ವರ್ಡ್ ಬದಲಾಯಿಸಿದ ಮೇಲೆ ಬಂದ ಮೇಲ್‌ನಲ್ಲಿ. ಜಾಯಿನಿಂಗ್ ತಡೆಹಿಡಿದ್ರು.

ಅವರು ನನ್ನನ್ನ ಕೇಳಿದ್ದು ಇಷ್ಟೇ: 'ಪಾಸ್‌ವರ್ಡ್ ಬದಲಾಯಿಸಿದ ಮೇಲೂ ಅವರು ಓದೋದು ಹೇಗೆ ಸಾಧ್ಯ? ಎಲ್ಲೋ ಇರೋ ಕಂಪ್ಯೂಟರ್‌ನಿಂದ ನನ್ನ ಅಕೌಂಟನ್ನ ಪೂರ್ತಿ ಹೊರಗೆ ತರೋದು ಹೇಗೆ?'

ನಾನು ಬಿಕಾಂ ಓದಿದವನು. ಕಂಪ್ಯೂಟರ್ ಸೈನ್ಸ್ ಅಲ್ಲ. ಆದ್ರೆ ಇದು ಅರ್ಥ ಆಗೋಕೆ ಬ್ಯಾಂಕಿಂಗ್ ಪಾಠವೇ ಸಾಕು ಅನ್ಸತ್ತೆ. ಹೇಗೆ ಅಂತ ಹೇಳ್ತೀನಿ.

ವೆಬ್‌ಸೈಟ್‌ಗಳಿಗೆ ಮೂಲದಲ್ಲಿ ನೆನಪಿನ ಶಕ್ತಿ ಇಲ್ಲ. ನೀವು ಒಂದು ಪುಟ ಕೇಳ್ತೀರಿ, ಅದು ಕೊಡತ್ತೆ, ಮರೆತುಬಿಡತ್ತೆ. ಮುಂದಿನ ಪುಟ ಕೇಳಿದಾಗ ನೀವು ಯಾರು ಅಂತಾನೇ ಗೊತ್ತಿರಲ್ಲ. ಇದಕ್ಕೆ ಉಪಾಯ ಕಂಡುಹಿಡಿದದ್ದು 1994ರಲ್ಲಿ, ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಲೂ ಮೊಂಟುಲಿ ಅನ್ನೋ ಪ್ರೋಗ್ರಾಮರ್. ಅದೇ ಕುಕಿ. ನೀವು ಪಾಸ್‌ವರ್ಡ್ ಕೊಟ್ಟು ಒಳಗೆ ಹೋದ ಕೂಡಲೇ ಸೈಟು ನಿಮ್ಮ ಬ್ರೌಸರ್ ಕೈಗೆ ಒಂದು ಚೀಟಿ ಕೊಡತ್ತೆ. ಚೀಟಿ ಮೇಲೆ ಒಂದು ಉದ್ದನೆಯ ಸಂಖ್ಯೆ. ಆಮೇಲೆ ಪ್ರತಿ ಪುಟಕ್ಕೂ ಬ್ರೌಸರ್ ಆ ಚೀಟಿ ತೋರಿಸತ್ತೆ. ಸೈಟು ಚೀಟಿ ನೋಡಿ 'ಸರಿ, ಬನ್ನಿ' ಅನ್ನತ್ತೆ. ಪಾಸ್‌ವರ್ಡ್ ಮತ್ತೆ ಕೇಳಲ್ಲ. ದೇವಸ್ಥಾನದ ಹೊರಗೆ ಚಪ್ಪಲಿ ಬಿಟ್ಟಾಗ ಟೋಕನ್ ಕೊಡ್ತಾರಲ್ಲ, ಹಾಗೆ. ಟೋಕನ್ ಯಾರ ಕೈಲಿದೆಯೋ ಚಪ್ಪಲಿ ಅವರದು. ನಿಮ್ಮ ಮುಖ ಯಾರೂ ನೋಡಲ್ಲ.

ಕಿಟಕಿ ಮುಚ್ಚಿದ್ರೆ ಚೀಟಿ ಎಲ್ಲೂ ಹೋಗಲ್ಲ. ಕಂಪ್ಯೂಟರ್ ಆಫ್ ಮಾಡಿದ್ರೂ ಹೋಗಲ್ಲ. ಅದು ಆ ಕಂಪ್ಯೂಟರ್‌ನ ಡಿಸ್ಕ್‌ನಲ್ಲಿ ಕೂತಿರತ್ತೆ. ಬ್ಯಾಂಕಿನ ಸೈಟ್‌ಗಳು ಐದ್ಹತ್ತು ನಿಮಿಷ ಸುಮ್ಮನಿದ್ರೆ ತಾವೇ ಹೊರಗೆ ಹಾಕ್ತವೆ. ಜಿಮೇಲ್, ಫೇಸ್‌ಬುಕ್ ಥರದವು ಹಾಗೆ ಮಾಡಲ್ಲ. ನೀವು ಒಳಗೇ ಇರ್ಬೇಕು ಅನ್ನೋದೇ ಅವರ ವ್ಯಾಪಾರ.

ಹಾಗಾದ್ರೆ ದೂರದಲ್ಲಿ ಕೂತು ಲಾಗೌಟ್ ಮಾಡೋದು ಅಂದ್ರೇನು? ಆ ಕಂಪ್ಯೂಟರ್‌ಗೆ ಕೈ ಹಾಕಿ ಚೀಟಿ ಹರಿದುಹಾಕೋದಲ್ಲ. ಅದು ಆಗದ ಕೆಲಸ. ಇದು ಬ್ಯಾಂಕಲ್ಲಿ ಚೆಕ್‌ಗೆ ಸ್ಟಾಪ್ ಪೇಮೆಂಟ್ ಹೇಳ್ತೀವಲ್ಲ, ಹಾಗೆ. ಚೆಕ್ ಇನ್ನೂ ಎದುರಿನವನ ಜೇಬಲ್ಲೇ ಇದೆ. ಆದ್ರೆ ಬ್ಯಾಂಕಿಗೆ ನೀವು ಹೇಳಿಯಾಗಿದೆ, ಈ ನಂಬರಿನ ಚೆಕ್ ಬಂದ್ರೆ ದುಡ್ಡು ಕೊಡಬೇಡಿ ಅಂತ. ಅವನು ಚೆಕ್ ತಂದು ಕೌಂಟರ್‌ಗೆ ಕೊಟ್ರೆ ವಾಪಸ್ ಬರತ್ತೆ. ಇಲ್ಲೂ ಹಾಗೇ, ಗೂಗಲ್‌ನ ಸರ್ವರ್‌ನಲ್ಲಿ ಆ ಚೀಟಿಯ ಸಂಖ್ಯೆಯನ್ನ ರದ್ದು ಮಾಡ್ತಾರೆ. ಆ ಕಂಪ್ಯೂಟರ್ ಮುಂದಿನ ಸಲ ಚೀಟಿ ತೋರಿಸಿದಾಗ ಪಾಸ್‌ವರ್ಡ್ ಕೇಳೋ ಪುಟ ಬರತ್ತೆ. ಅಷ್ಟೇ.

ಇನ್ನೊಂದು ಮಾತು ಇದರಲ್ಲೇ ಅಡಗಿದೆ. ಸ್ಟಾಪ್ ಪೇಮೆಂಟ್ ಹೇಳೋಕೆ ಮೊದಲೇ ಪಾಸಾದ ಚೆಕ್‌ಗಳನ್ನ ಬ್ಯಾಂಕು ವಾಪಸ್ ತರಲ್ಲ. ಅವನು ಅಷ್ಟರಲ್ಲಿ ಓದಿದ್ದು, ಡೌನ್‌ಲೋಡ್ ಮಾಡಿದ್ದು, ಬದಲಾಯಿಸಿಟ್ಟಿದ್ದು, ಯಾವುದನ್ನೂ ಲಾಗೌಟ್ ಬಟನ್ ಮುಟ್ಟಲ್ಲ. ನಮ್ಮ ಕೇಳುಗರಿಗೆ ಆದದ್ದೂ ಇದೇ. ಅದಕ್ಕೆ ಬರ್ತೀನಿ.

ಪಾಸ್‌ವರ್ಡ್ ಗಟ್ಟಿ ಇದೆ, ಎರಡು ಹಂತದ ಒಟಿಪಿ ಕೂಡ ಇದೆ, ನನಗೇನಾಗತ್ತೆ ಅನ್ನೋರು ತುಂಬ ಜನ. ಒಟಿಪಿ ಕೇಳೋದು ಬಾಗಿಲಲ್ಲಿ. ಚೀಟಿ ಹಿಡಿದವನು ಬಾಗಿಲು ದಾಟಿ ಆಗಿದೆ. 2023ರ ಮಾರ್ಚ್‌ನಲ್ಲಿ ಕೆನಡಾದ ಲೈನಸ್ ಟೆಕ್ ಟಿಪ್ಸ್ ಅನ್ನೋ ಯೂಟ್ಯೂಬ್ ಚಾನೆಲ್ ಕೈತಪ್ಪಿ ಹೋಗಿತ್ತು, ಟೆಕ್ ವಿಡಿಯೊ ನೋಡೋರಿಗೆ ನೆನಪಿರತ್ತೆ. ಒಂದೂವರೆ ಕೋಟಿಗೂ ಹೆಚ್ಚು ಸಬ್‌ಸ್ಕ್ರೈಬರ್‌ಗಳಿದ್ದ, ಕಂಪ್ಯೂಟರ್ ಬಗ್ಗೆಯೇ ಮಾತಾಡೋ ಚಾನೆಲ್. ಸ್ಪಾನ್ಸರ್‌ಶಿಪ್ ಆಫರ್ ಅಂತ ಬಂದ ಒಂದು ಫೈಲನ್ನ ಅಲ್ಲಿನ ಒಬ್ಬ ಸಿಬ್ಬಂದಿ ತೆರೆದ್ರು. ಪಿಡಿಎಫ್ ಥರ ಕಾಣ್ತಿತ್ತು. ಅದು ಬ್ರೌಸರ್‌ನಲ್ಲಿದ್ದ ಚೀಟಿಗಳನ್ನೇ ಕದ್ದು ಕಳಿಸ್ತು. ಕಳ್ಳರಿಗೆ ಪಾಸ್‌ವರ್ಡ್ ಬೇಕೇ ಆಗ್ಲಿಲ್ಲ, ಒಟಿಪಿಯೂ ಬೇಕಾಗ್ಲಿಲ್ಲ.

ಸರಿ, ಈಗ ಕೆಲಸಕ್ಕೆ ಬರೋಣ. ಫೋನ್ ಕೈಲಿದ್ರೆ ಜೊತೆಗೇ ಮಾಡ್ತಾ ಹೋಗಿ. ಗಾಡಿ ಓಡಿಸ್ತಾ ಕೇಳ್ತಿದ್ರೆ ಬೇಡ, ಆಮೇಲೆ ಮಾಡಿ.

ಜಿಮೇಲ್ ಆ್ಯಪ್ ತೆರೆದು, ಮೇಲೆ ಬಲಗಡೆ ಇರೋ ನಿಮ್ಮ ಫೋಟೊ ಒತ್ತಿ. 'ಮ್ಯಾನೇಜ್ ಯುವರ್ ಗೂಗಲ್ ಅಕೌಂಟ್' ಅಂತ ಬರತ್ತೆ. ಅದರೊಳಗೆ ಸೆಕ್ಯುರಿಟಿ ವಿಭಾಗ. ಫೋನನ್ನ ಕನ್ನಡದಲ್ಲಿ ಇಟ್ಕೊಂಡಿದ್ರೆ ಭದ್ರತೆ ಅಂತಿರತ್ತೆ. ಕೆಳಗೆ ಜರುಗಿಸಿದ್ರೆ 'ಯುವರ್ ಡಿವೈಸಸ್' ಅಂತ ಒಂದು ಚೌಕ, ಅದರಲ್ಲಿ 'ಮ್ಯಾನೇಜ್ ಆಲ್ ಡಿವೈಸಸ್'. ಈಗ ನಿಮ್ಮ ಅಕೌಂಟ್ ತೆರೆದಿರೋ, ಅಥವಾ ಹಿಂದಿನ 28 ದಿನಗಳಲ್ಲಿ ತೆರೆದಿದ್ದ ಸಾಧನಗಳೆಲ್ಲ ಪಟ್ಟಿಯಲ್ಲಿ ಬರ್ತವೆ. ಹೆಚ್ಚಿನವರಿಗೆ ಈ ಪಟ್ಟಿ ನೋಡಿದ ಮೊದಲ ಸಲ ಒಂದು ಕ್ಷಣ ಎದೆ ಧಸಕ್ ಅನ್ನತ್ತೆ. ಹೋದ ವರ್ಷ ತಂಗಿಗೆ ಕೊಟ್ಟ ಹಳೇ ಫೋನು, ಚಿಕ್ಕಪ್ಪನ ಮನೆ ಟಿವಿ, ಯಾವುದೋ ವಿಂಡೋಸ್ ಕಂಪ್ಯೂಟರ್.

ಆಗ ಕೈ ನೇರವಾಗಿ 'ಸೈನ್ ಔಟ್' ಕಡೆ ಹೋಗತ್ತೆ. ಒಂದೇ ನಿಮಿಷ ತಡೀರಿ. ನಾನು ಇವತ್ತು ಹೇಳೋದ್ರಲ್ಲಿ ನೆನಪಿಡಬೇಕಾದ್ದು ಇದೊಂದೇ: ಒತ್ತೋ ಮೊದಲು ನೋಡಿ. ಆ ಸಾಧನದ ಹೆಸರು ಒತ್ತಿದ್ರೆ ಯಾವ ಬ್ರೌಸರ್, ಸುಮಾರಾಗಿ ಯಾವ ಊರು, ಕೊನೆಯ ಚಟುವಟಿಕೆ ಯಾವಾಗ ಅಂತ ಕಾಣತ್ತೆ. ಅದರ ಸ್ಕ್ರೀನ್‌ಶಾಟ್ ತೆಗೆದಿಡಿ. ನೀವು ಕೆಲಸ ಬಿಟ್ಟದ್ದು ಒಂದನೇ ತಾರೀಕು, ಆ ಕಂಪ್ಯೂಟರ್‌ನಲ್ಲಿ ಚಟುವಟಿಕೆ ಒಂಬತ್ತನೇ ತಾರೀಕು ಅಂತಿದ್ರೆ, ನಾಳೆ ಪೊಲೀಸರ ಹತ್ರ ಹೋಗೋ ಪರಿಸ್ಥಿತಿ ಬಂದ್ರೆ ನಿಮ್ಮ ಕೈಲಿರೋ ಕಾಗದ ಇದೇ. ಸೈನ್ ಔಟ್ ಮಾಡಿದ ಮೇಲೆ ಈ ಪಟ್ಟಿ ಹೀಗೇ ಉಳಿಯಲ್ಲ. ಲೆಕ್ಕದ ಪುಸ್ತಕದಲ್ಲಿ ತಪ್ಪು ಎಂಟ್ರಿ ಕಂಡ್ರೆ ಮೊದಲು ಟಿಕ್ ಹಾಕ್ತೀವಿ, ಆಮೇಲೆ ತಿದ್ದುತೀವಿ. ಅದೇ ಕ್ರಮ.

ಊರಿನ ವಿಷಯದಲ್ಲಿ ಒಂದು ಎಚ್ಚರಿಕೆ. ಇಂಟರ್‌ನೆಟ್ ವಿಳಾಸ ನೋಡಿ ಅಂದಾಜು ಮಾಡೋ ಊರು ಅದು. ನೀವು ಶಿರಸಿಯಲ್ಲಿ ಕೂತಿದ್ರೂ ಬೆಂಗಳೂರು ಅಂತ ತೋರಿಸಬಹುದು. ಹಾಗಾಗಿ ಊರೊಂದನ್ನೇ ನೋಡಿ ಗಾಬರಿ ಬೀಳಬೇಡಿ, ಸಮಯ ನೋಡಿ.

ಕಂಪ್ಯೂಟರ್‌ನಲ್ಲಿ ಜಿಮೇಲ್ ತೆರೆದ್ರೆ ಇನ್ನೊಂದು ಜಾಗ ಇದೆ. ಇನ್‌ಬಾಕ್ಸ್‌ನ ತೀರಾ ಕೆಳಗೆ, ಬಲಮೂಲೆಯಲ್ಲಿ, ಸಣ್ಣ ಅಕ್ಷರದಲ್ಲಿ 'ಡೀಟೇಲ್ಸ್' ಅಂತ. ವರ್ಷಗಟ್ಟಲೆ ಜಿಮೇಲ್ ಬಳಸಿದವರೂ ನೋಡಿರಲ್ಲ. ಗೂಗಲ್ ಇದನ್ನ ತಂದದ್ದು 2008ರಲ್ಲಿ. ಅದನ್ನ ಒತ್ತಿದ್ರೆ ಇತ್ತೀಚೆಗೆ ನಿಮ್ಮ ಮೇಲನ್ನ ಬ್ರೌಸರ್‌ನಿಂದ ನೋಡಿದ್ದಾ, ಮೊಬೈಲ್‌ನಿಂದಲಾ, ಯಾವ ಐಪಿ ವಿಳಾಸದಿಂದ, ಎಷ್ಟು ಹೊತ್ತಿಗೆ ಅನ್ನೋದೆಲ್ಲ ಸಾಲಾಗಿ ಬರತ್ತೆ. ಇದರದ್ದೂ ಸ್ಕ್ರೀನ್‌ಶಾಟ್ ಇರಲಿ. ಬೇರೆ ಎಲ್ಲ ಕಡೆಯ ವೆಬ್ ಲಾಗಿನ್‌ಗಳನ್ನ ಒಟ್ಟಿಗೆ ಮುಚ್ಚೋ ಬಟನ್ ಕೂಡ ಅಲ್ಲೇ ಇದೆ.

ನೋಡಿದ್ರಿ, ಫೋಟೊ ಆಯ್ತು. ಈಗ ಸೈನ್ ಔಟ್ ಒತ್ತಿ. ಒಂದೇ ಹೆಸರಿನ ಕಂಪ್ಯೂಟರ್ ಎರಡು ಮೂರು ಸಲ ಕಂಡ್ರೆ ಎಲ್ಲದರಿಂದಲೂ ಮಾಡಿ. ತಕ್ಷಣ ಪಾಸ್‌ವರ್ಡ್ ಬದಲಾಯಿಸಿ. ಯಾಕೆ ಎರಡೂ? ಆ ಕಂಪ್ಯೂಟರ್‌ನ ಬ್ರೌಸರ್‌ನಲ್ಲಿ 'ಸೇವ್ ಪಾಸ್‌ವರ್ಡ್' ಅಂತ ಒಮ್ಮೆ ಒತ್ತಿದ್ರೆ, ನೀವು ಹೊರಗೆ ಹಾಕಿದ ಮರುಕ್ಷಣ ಅವರು ಒಂದು ಕ್ಲಿಕ್‌ನಲ್ಲಿ ಮತ್ತೆ ಒಳಗೆ. ಚೆಕ್‌ಗೆ ಸ್ಟಾಪ್ ಹೇಳಿ, ಸಹಿ ಮಾಡಿದ ಚೆಕ್‌ಬುಕ್ಕನ್ನ ಅಲ್ಲೇ ಬಿಟ್ಟ ಹಾಗೆ.

ಇನ್ನು ನಮ್ಮ ಕೇಳುಗರ ಪ್ರಶ್ನೆ. ಗೂಗಲ್ ಪಾಸ್‌ವರ್ಡ್ ಬದಲಾಯಿಸಿದ್ರೆ ಸಾಮಾನ್ಯವಾಗಿ ಬೇರೆ ಕಂಪ್ಯೂಟರ್‌ಗಳಲ್ಲಿ ತೆರೆದಿರೋ ಅಕೌಂಟೂ ಮುಚ್ಚತ್ತೆ. ಅಂದ್ರೆ ಆ ಆಫೀಸಿನವರು ಆವತ್ತು ರಾತ್ರಿಯೇ ಹೊರಗೆ ಬಿದ್ದಿದ್ರು. ಆದ್ರೂ ಮೇಲ್ ಓದ್ತಿದ್ರು. ನಾನು ಅವರಿಗೆ ಹೇಳಿದೆ, ಒಂದು ಲ್ಯಾಪ್‌ಟಾಪ್ ಎಲ್ಲಾದ್ರೂ ಹುಡುಕ್ಕೊಳ್ಳಿ, ಫೋನ್‌ನಲ್ಲಿ ಇದು ಕಾಣಲ್ಲ ಅಂತ. ಜಿಮೇಲ್‌ನ ಸೆಟ್ಟಿಂಗ್ಸ್‌ನಲ್ಲಿ 'ಫಾರ್ವರ್ಡಿಂಗ್' ಅಂತ ಒಂದು ಪುಟ ಇದೆ. ಅಲ್ಲಿ ಒಂದು ಬೇರೆ ಇಮೇಲ್ ವಿಳಾಸ ಕೂತಿತ್ತು. ಬಂದ ಪ್ರತಿ ಮೇಲ್‌ನ ಒಂದು ನಕಲು ಅಲ್ಲಿಗೆ ತಾನಾಗೇ ಹೋಗ್ತಿತ್ತು. ಕಂಪ್ಯೂಟರ್‌ನಲ್ಲಿ ಜಿಮೇಲ್ ತೆರೆದೇ ಇದ್ದ ಆ ಒಂದು ವಾರದಲ್ಲಿ ಯಾರೋ ಎರಡು ನಿಮಿಷ ಕೂತು ಮಾಡಿದ ಕೆಲಸ. ಆಮೇಲೆ ಅವರಿಗೆ ಲಾಗಿನ್ ಆಗೋ ಅಗತ್ಯವೇ ಇರ್ಲಿಲ್ಲ. ಇವರು ಫೋನ್‌ನಲ್ಲಿ ಮಾತ್ರ ಮೇಲ್ ನೋಡೋರು. ಜಿಮೇಲ್ ಆ್ಯಪ್‌ನಲ್ಲಿ ಆ ಸೆಟ್ಟಿಂಗ್ ಇಲ್ಲವೇ ಇಲ್ಲ. ನೋಡೋ ದಾರಿಯೇ ಇರ್ಲಿಲ್ಲ.

ಅವರು ಆ ಪುಟದ ಸ್ಕ್ರೀನ್‌ಶಾಟ್ ತೆಗೆದು ಹೊಸ ಕಂಪನಿಗೆ ಕಳಿಸಿದ್ರು, ಕೆಲಸ ಬಿಡುವಾಗ ಲೆಕ್ಕ ಒಪ್ಪಿಸಿದ ಪಟ್ಟಿಯ ಜೊತೆಗೆ. ಹದಿನೈದು ದಿನ ತಡವಾದ್ರೂ ಕೆಲಸಕ್ಕೆ ಸೇರಿದಾರೆ.

ಹಾಗಾಗಿ ಬೇರೆಯವರ ಕಂಪ್ಯೂಟರ್‌ನಲ್ಲಿ ನಿಮ್ಮ ಮೇಲ್ ಸ್ವಲ್ಪ ಕಾಲ ಅನಾಥವಾಗಿ ತೆರೆದಿತ್ತು ಅಂತ ಗೊತ್ತಾದ್ರೆ, ಲಾಗೌಟ್ ಆದ ಮೇಲೂ ಮನೆ ಸುತ್ತ ಒಂದು ಸುತ್ತು ಹಾಕಿ. ಫಾರ್ವರ್ಡಿಂಗ್ ನೋಡಿ. 'ಫಿಲ್ಟರ್ಸ್' ನೋಡಿ, ಯಾಕಂದ್ರೆ ಬ್ಯಾಂಕ್ ಅನ್ನೋ ಪದ ಇರೋ ಮೇಲ್ ಮಾತ್ರ ಬೇರೆ ಕಡೆ ಕಳಿಸು, ಇಲ್ಲಿ ಅಳಿಸಿಬಿಡು ಅಂತ ಫಿಲ್ಟರ್ ಹಾಕೋಕೆ ಬರತ್ತೆ. 'ಅಕೌಂಟ್ಸ್' ಪುಟದಲ್ಲಿ ನಿಮ್ಮ ಮೇಲ್ ಓದೋಕೆ ಇನ್ನೊಬ್ಬರಿಗೆ ಅಧಿಕಾರ ಕೊಡೋ ಸೌಲಭ್ಯ ಇದೆ, ಅಲ್ಲಿ ಯಾರ ಹೆಸರಾದ್ರೂ ಇದೆಯಾ? ಗೂಗಲ್ ಅಕೌಂಟ್‌ನ ರಿಕವರಿ ಫೋನ್ ನಂಬರ್, ರಿಕವರಿ ಇಮೇಲ್ ನಿಮ್ಮದೇನಾ? ಇದು ಬದಲಾಗಿದ್ರೆ ನೀವು ಎಷ್ಟು ಸಲ ಪಾಸ್‌ವರ್ಡ್ ಬದಲಾಯಿಸಿದ್ರೂ 'ಫರ್ಗಾಟ್ ಪಾಸ್‌ವರ್ಡ್' ಒತ್ತಿ ಅವರು ಪ್ರಯತ್ನ ಮಾಡ್ತಾನೇ ಇರಬಹುದು.

ಆ ಕಂಪ್ಯೂಟರ್‌ನಲ್ಲಿ ಜಿಮೇಲ್ ಮಾತ್ರ ಅಲ್ಲ, ಕ್ರೋಮ್ ಬ್ರೌಸರ್‌ಗೇ ನಿಮ್ಮ ಅಕೌಂಟ್ ಹಾಕಿದ್ರಾ? ಮೇಲೆ ಮೂಲೆಯಲ್ಲಿ ನಿಮ್ಮ ಫೋಟೊ ಬರ್ತಿತ್ತಾ? ಹಾಗಿದ್ರೆ ನಿಮ್ಮ ಫೋನ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳೂ ಅಲ್ಲಿಗೆ ಬಂದಿರಬಹುದು. ಗೂಗಲ್‌ನ ಪಾಸ್‌ವರ್ಡ್ ಮ್ಯಾನೇಜರ್ ತೆರೆದು ಯಾವ್ಯಾವ ಸೈಟ್‌ಗಳ ಪಾಸ್‌ವರ್ಡ್ ಅಲ್ಲಿದೆ ನೋಡಿ, ದುಡ್ಡಿಗೆ ಸಂಬಂಧಪಟ್ಟದ್ದನ್ನ ಮೊದಲು ಬದಲಾಯಿಸಿ. ಬೇಸರದ ಕೆಲಸ, ಒಂದು ಭಾನುವಾರ ಹೋಗತ್ತೆ. ಆದ್ರೆ ಅಡ್ಡದಾರಿ ಇಲ್ಲ.

ಡೌನ್‌ಲೋಡ್ ಫೋಲ್ಡರ್‌ಗೆ ಮಾತ್ರ ದೂರದಿಂದ ಏನೂ ಮಾಡೋಕಾಗಲ್ಲ. ಆಧಾರ್ ಪಿಡಿಎಫ್‌ನ ಉದಾಹರಣೆ ತಗೊಳ್ಳಿ. ಅದಕ್ಕೆ ಪಾಸ್‌ವರ್ಡ್ ಇದೆಯಲ್ಲ ಅಂತೀರಿ. ಪಾಸ್‌ವರ್ಡ್ ಏನು? ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಹುಟ್ಟಿದ ವರ್ಷ. ನಿಮ್ಮ ಹೆಸರು ಗೊತ್ತಿರೋರಿಗೆ ವರ್ಷ ಊಹಿಸೋದು ಕಷ್ಟವಾ? 2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರವೇ ಹೇಳಿತ್ತು, ಇ-ಆಧಾರ್ ಡೌನ್‌ಲೋಡ್ ಮಾಡೋಕೆ ಇಂಟರ್‌ನೆಟ್ ಕೆಫೆಯ ಸಾರ್ವಜನಿಕ ಕಂಪ್ಯೂಟರ್ ಬಳಸಬೇಡಿ, ಬಳಸಿದ್ರೆ ಡೌನ್‌ಲೋಡ್ ಆದ ಎಲ್ಲ ಪ್ರತಿಗಳನ್ನ ಶಾಶ್ವತವಾಗಿ ಅಳಿಸಿ ಅಂತ. ಡಿಲೀಟ್ ಒತ್ತಿದ ಮೇಲೆ ರೀಸೈಕಲ್ ಬಿನ್ ಖಾಲಿ ಮಾಡೋದೂ ಅದರಲ್ಲಿ ಸೇರಿದೆ.

ವಾಟ್ಸ್‌ಆ್ಯಪ್‌ಗೆ ಬರೋಣ. ಇಲ್ಲೊಂದು ಹಳೇ ನಂಬಿಕೆ ಇನ್ನೂ ಓಡಾಡ್ತಿದೆ. 2015ರಲ್ಲಿ ವಾಟ್ಸ್‌ಆ್ಯಪ್ ವೆಬ್ ಬಂದಾಗ ಅದು ನಿಮ್ಮ ಫೋನಿನ ಕನ್ನಡಿ ಆಗಿತ್ತು. ಫೋನ್‌ನಲ್ಲಿ ಡೇಟಾ ಆಫ್ ಮಾಡಿದ್ರೆ ಕಂಪ್ಯೂಟರ್‌ನಲ್ಲೂ ನಿಲ್ತಿತ್ತು. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತಗೊಂಡು, ಡೇಟಾ ಆಫ್ ಮಾಡಿ, ಹೊರಟುಬಿಡೋರು. ಆಗ ಅದು ಅಷ್ಟಕ್ಕಷ್ಟೇ ನಡೀತಿತ್ತು. 2021ರಿಂದ ಈಚೆಗೆ ಹೊಸ ವ್ಯವಸ್ಥೆ ಬಂತು. ಈಗ ಲಿಂಕ್ ಆದ ಪ್ರತಿ ಕಂಪ್ಯೂಟರ್ ತಾನೇ ಸ್ವತಂತ್ರ. ನಿಮ್ಮ ಫೋನ್ ಸ್ವಿಚ್ ಆಫ್ ಆಗಿದ್ರೂ ಮೆಸೇಜ್ ಅಲ್ಲಿಗೆ ಹೋಗ್ತಾ ಇರತ್ತೆ. ಫೋನನ್ನ 14 ದಿನಕ್ಕಿಂತ ಹೆಚ್ಚು ಬಳಸದೇ ಇದ್ರೆ ಮಾತ್ರ ತಾನಾಗಿ ಕಳಚಿಕೊಳ್ಳತ್ತೆ. 14 ದಿನ ವಾಟ್ಸ್‌ಆ್ಯಪ್ ನೋಡದೇ ಇರೋರು ನಮ್ಮಲ್ಲಿ ಯಾರಿದ್ದಾರೆ ಹೇಳಿ!

ಬಿಡಿಸೋದು ಸುಲಭ. ಆಂಡ್ರಾಯ್ಡ್‌ನಲ್ಲಿ ಮೂರು ಚುಕ್ಕಿ, ಐಫೋನ್‌ನಲ್ಲಿ ಸೆಟ್ಟಿಂಗ್ಸ್, ಆಮೇಲೆ 'ಲಿಂಕ್ಡ್ ಡಿವೈಸಸ್'. ನಾಲ್ಕರವರೆಗೆ ಸಾಧನ ಇರಬಹುದು. ಪ್ರತಿಯೊಂದರ ಕೆಳಗೂ ಕೊನೆಯ ಸಲ ಯಾವಾಗ ಬಳಸಿದ್ದು ಅಂತಿರತ್ತೆ. ಫೋಟೊ ತೆಗೀರಿ, ಒತ್ತಿ, ಲಾಗ್ ಔಟ್.

ಉಳಿದವನ್ನ ಬೇಗ ಹೇಳಿಬಿಡ್ತೀನಿ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಎರಡಕ್ಕೂ ಅಕೌಂಟ್ಸ್ ಸೆಂಟರ್ ಒಳಗೆ 'ಪಾಸ್‌ವರ್ಡ್ ಆ್ಯಂಡ್ ಸೆಕ್ಯುರಿಟಿ', ಅದರಲ್ಲಿ ಎಲ್ಲೆಲ್ಲಿ ಲಾಗಿನ್ ಆಗಿದೀರಿ ಅನ್ನೋ ಪಟ್ಟಿ. ಟೆಲಿಗ್ರಾಂನಲ್ಲಿ ಸೆಟ್ಟಿಂಗ್ಸ್, ಡಿವೈಸಸ್. ಹೊಸದಾಗಿ ಲಾಗಿನ್ ಆದವರು ಮೊದಲ 24 ಗಂಟೆ ಬೇರೆ ಸಾಧನಗಳನ್ನ ಹೊರಹಾಕೋಕೆ ಟೆಲಿಗ್ರಾಂ ಬಿಡಲ್ಲ. ಕಳ್ಳ ಒಳಗೆ ಬಂದು ಮನೆಯವರನ್ನೇ ಆಚೆ ಹಾಕಬಾರದು ಅಂತ. ನನಗೆ ತುಂಬ ಇಷ್ಟವಾದ ನಿಯಮ ಇದು, ಎಲ್ಲರೂ ತರಬೇಕು. ಮೈಕ್ರೋಸಾಫ್ಟ್‌ನಲ್ಲಿ ಎಲ್ಲ ಕಡೆಯಿಂದ ಸೈನ್ ಔಟ್ ಮಾಡೋ ಸೌಲಭ್ಯ ಇದೆ, ಆದ್ರೆ ಅದು ಜಾರಿಗೆ ಬರೋಕೆ 24 ಗಂಟೆವರೆಗೂ ಹಿಡಿಯಬಹುದು. ಅವಸರ ಇದ್ದಾಗ ಇದು ಸಾಲದು, ಪಾಸ್‌ವರ್ಡನ್ನೂ ಬದಲಾಯಿಸಿಬಿಡಿ.

ಸರ್ಕಾರಿ ಪೋರ್ಟಲ್‌ಗಳಲ್ಲಿ ಇಂಥ ಸಾಧನಗಳ ಪಟ್ಟಿ ಸಿಗೋದು ಅಪರೂಪ. ಆದಾಯ ತೆರಿಗೆ ಪೋರ್ಟಲ್ ಒಂದು ಒಳ್ಳೆ ಕೆಲಸ ಮಾಡಿದೆ. ಬೇರೆ ಕಡೆ ತೆರೆದಿದ್ದಾಗ ನೀವು ಲಾಗಿನ್ ಆದ್ರೆ, ಈಗಾಗಲೇ ಇನ್ನೊಂದು ಕಡೆ ತೆರೆದಿದೆ, ಇಲ್ಲಿ ಬರ್ತೀರಾ ಅಂತ ಕೇಳತ್ತೆ. ಹೂಂ ಅಂದ್ರೆ ಅಲ್ಲಿದ್ದದ್ದು ಮುಚ್ಚತ್ತೆ. ಆಡಿಟರ್ ಆಫೀಸ್‌ಗಳಲ್ಲಿ ಜುಲೈ ತಿಂಗಳಲ್ಲಿ ಇದರಿಂದಲೇ ಜಗಳ ಆಗೋದುಂಟು, 'ಯಾರೋ ನನ್ನನ್ನ ಆಚೆ ಹಾಕಿದ್ರು' ಅಂತ. ಆದ್ರೆ ಗ್ರಾಹಕರ ದೃಷ್ಟಿಯಿಂದ ಅದು ಸರಿ. ಸಿಇಟಿ ಕೌನ್ಸೆಲಿಂಗ್ ಹೊತ್ತಲ್ಲಿ ಆಪ್ಷನ್ ಎಂಟ್ರಿಯನ್ನ ಸೈಬರ್ ಸೆಂಟರ್‌ನಲ್ಲಿ ಮಾಡೋ ಮಕ್ಕಳಿಗೆ ಹೇಳ್ತೀನಿ: ಸಾಧನಗಳ ಪಟ್ಟಿ ಕಾಣದ ಕಡೆ ಅಲ್ಲೇ ಎದುರಿಗೆ ಕೂತು ಲಾಗೌಟ್ ಒತ್ತೋದೇ ಗಟ್ಟಿ. ಮೊದಲ ಆಪ್ಷನ್ ಎರಡನೆಯದಾದ್ರೆ ಕಾಲೇಜೇ ಬದಲಾಗಿಬಿಡತ್ತೆ.

ಸೈಬರ್ ಸೆಂಟರ್ ಅಂದಾಗ ನೆನಪಾಯ್ತು. ಅವುಗಳಿಗೆ 2011ರಲ್ಲಿ ಕೇಂದ್ರ ಸರ್ಕಾರ ಪ್ರತ್ಯೇಕ ನಿಯಮವನ್ನೇ ಮಾಡಿದೆ. ಬಂದವರ ಗುರುತಿನ ಚೀಟಿ ನೋಡಬೇಕು, ಯಾರು ಯಾವ ಕಂಪ್ಯೂಟರ್‌ನಲ್ಲಿ ಎಷ್ಟು ಹೊತ್ತು ಕೂತಿದ್ರು ಅಂತ ದಾಖಲೆ ಇಡಬೇಕು, ಆ ದಾಖಲೆ ಕನಿಷ್ಠ ಒಂದು ವರ್ಷ ಇರಬೇಕು. ಕೂರೋ ಜಾಗದ ಅಡ್ಡಗೋಡೆ ನಾಲ್ಕೂವರೆ ಅಡಿ ದಾಟಬಾರದು ಅಂತ ಕೂಡ ಬರೆದಿದೆ. ಎಷ್ಟು ಅಂಗಡಿಯಲ್ಲಿ ನಡೆಯತ್ತೆ ಅನ್ನೋದನ್ನ ನೀವೇ ನೋಡ್ಕೊಳ್ಳಿ. ಆದ್ರೆ ನಿಮ್ಮ ಅಕೌಂಟನ್ನ ಯಾರೋ ಬಳಸಿದಾರೆ ಅಂತ ದೂರು ಕೊಡುವಾಗ ಆ ರಿಜಿಸ್ಟರ್ ಕೇಳಿಸೋಕೆ ಬರತ್ತೆ.

ದೂರಿನ ಮಾತು ಬಂತು. ತೆರೆದಿದ್ದ ಅಕೌಂಟ್ ತಾನೇ, ಅವರು ಒಡೆದು ಒಳಗೆ ಬಂದಿಲ್ಲವಲ್ಲ ಅಂತ ಕೆಲವರು ಹೇಳ್ತಾರೆ. ಮನೆ ಬಾಗಿಲು ತೆರೆದಿತ್ತು ಅಂತ ಬೀರು ತಡಕೋಕೆ ಆಗತ್ತಾ? ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಸೆಕ್ಷನ್ ಮಾತಾಡೋದು ಅನುಮತಿ ಇಲ್ಲದೆ ಪ್ರವೇಶಿಸೋದರ ಬಗ್ಗೆ. ಅದನ್ನ ಅಪ್ರಾಮಾಣಿಕವಾಗಿ ಅಥವಾ ಮೋಸಕ್ಕಾಗಿ ಮಾಡಿದ್ರೆ 66ನೇ ಸೆಕ್ಷನ್ ಪ್ರಕಾರ ಮೂರು ವರ್ಷದವರೆಗೆ ಜೈಲು, ಅಥವಾ 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ದುಡ್ಡು ಹೋಗಿದ್ರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಉಳಿದದ್ದಕ್ಕೆ ಕೇಂದ್ರದ ಸೈಬರ್ ಕ್ರೈಂ ಪೋರ್ಟಲ್ ಇದೆ, ಹತ್ತಿರದ ಠಾಣೆಯೂ ಇದೆ. ಸ್ಕ್ರೀನ್‌ಶಾಟ್ ಯಾಕೆ ಮೊದಲು ಅಂದೆ ಅಂತ ಈಗ ಗೊತ್ತಾಯ್ತಲ್ಲ.

ಇದರ ಜೊತೆಗೆ ಒಂದು ಸೂಕ್ಷ್ಮದ ಮಾತಿದೆ, ಅದನ್ನ ಬಿಟ್ಟು ಹೋಗೋಕೆ ಮನಸ್ಸಿಲ್ಲ. ಪಟ್ಟಿಯಲ್ಲಿ ಕಂಡ ಆ ಅಪರಿಚಿತ ಕಂಪ್ಯೂಟರ್ ಕೆಲವರಿಗೆ ಅಪರಿಚಿತ ಆಗಿರಲ್ಲ. ಗಂಡನದ್ದೋ, ಅಣ್ಣನದ್ದೋ, ಜೊತೆಗಿರೋ ಇನ್ನೊಬ್ಬರದ್ದೋ ಆಗಿರತ್ತೆ. ಎರಡು ನಿಮಿಷ ಫೋನ್ ಸಿಕ್ರೆ ಸಾಕು, ವಾಟ್ಸ್‌ಆ್ಯಪ್ ಲಿಂಕ್ ಮಾಡ್ಕೋಬಹುದು. ನೀವು ಇಲ್ಲಿ ಲಾಗೌಟ್ ಒತ್ತಿದ ಕ್ಷಣ ಅಲ್ಲಿ ಪರದೆ ಬದಲಾಗತ್ತೆ. ನಿಮಗೆ ಗೊತ್ತಾಯ್ತು ಅನ್ನೋದು ಅವರಿಗೆ ಗೊತ್ತಾಗತ್ತೆ. ಸಾಮಾನ್ಯ ಮನೆಗಳಲ್ಲಿ ಅದು ಒಂದು ಜಗಳ ಅಷ್ಟೇ. ಹೊಡೆತ ಬಡಿತ ಇರೋ ಮನೆಯಲ್ಲಿ ಹಾಗಲ್ಲ. ಅಂಥ ಸ್ಥಿತಿಯಲ್ಲಿರೋರು ಬಟನ್ ಒತ್ತೋ ಆತುರ ಪಡಬೇಡಿ. ಸ್ಕ್ರೀನ್‌ಶಾಟ್ ತೆಗೆದು ನಂಬಿಕಸ್ಥರಿಗೆ ಕಳಿಸಿ, ಅದನ್ನೂ ಆ ವಾಟ್ಸ್‌ಆ್ಯಪ್‌ನಿಂದ ಕಳಿಸಬೇಡಿ. ಮಹಿಳಾ ಸಹಾಯವಾಣಿ 181ಕ್ಕೆ ಬೇರೆ ಫೋನ್‌ನಿಂದ ಮಾತಾಡಿ. ಸುರಕ್ಷಿತ ಜಾಗಕ್ಕೆ ಬಂದ ಮೇಲೆ ಲಾಗೌಟ್ ಮಾಡಿ. ಅಲ್ಲಿಯವರೆಗೆ ಮುಖ್ಯವಾದ ಮಾತು ಆ ಅಕೌಂಟ್‌ನಲ್ಲಿ ಬೇಡ.

ಆಫೀಸ್ ಕಂಪ್ಯೂಟರ್ ಬಗ್ಗೆ ಒಂದು ಮಾತು ಹೇಳಿ ನಿಲ್ಲಿಸ್ತೀನಿ. ಕೆಲಸ ಬಿಡುವಾಗ ಕಂಪನಿಯ ಫೈಲ್‌ಗಳನ್ನ ಅಳಿಸಬೇಡಿ, ಅದು ನಿಮ್ಮ ತಲೆಗೇ ಬರತ್ತೆ. ನಿಮ್ಮ ಸ್ವಂತ ಅಕೌಂಟನ್ನ ಮಾತ್ರ ಬ್ರೌಸರ್‌ನಿಂದ ತೆಗೀರಿ, ಪ್ರೊಫೈಲ್ ಸಮೇತ. ಪಾರ್ಟಿಗಳ ಬಿಲ್ ನಿಮ್ಮ ಮೇಲ್‌ಗೆ ಬರ್ತಿದ್ರೆ ಹೊಸ ವಿಳಾಸ ಯಾವುದು ಅಂತ ಯಜಮಾನರಿಂದ ಬರಹದಲ್ಲಿ ತಗೊಂಡು ಎಲ್ಲರಿಗೂ ತಿಳಿಸಿ. ಜಿಎಸ್‌ಟಿ ಪೋರ್ಟಲ್‌ನಲ್ಲಿ ನಿಮ್ಮ ಇಮೇಲ್, ನಿಮ್ಮ ಮೊಬೈಲ್ ಕೊಟ್ಟಿದ್ರೆ ಅದನ್ನ ಬದಲಾಯಿಸಿಸಿ. ಇಲ್ಲಾಂದ್ರೆ ಬಿಟ್ಟ ಕೆಲಸದ ಒಟಿಪಿ ನಿಮಗೆ ಬರ್ತಾನೇ ಇರತ್ತೆ, ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ 'ಸ್ವಲ್ಪ ಒಟಿಪಿ ಹೇಳಮ್ಮ' ಅಂತಾರೆ.

ಇನ್ನು ಮುಂದೆ ಬೇರೆಯವರ ಕಂಪ್ಯೂಟರ್‌ನಲ್ಲಿ ಕೂರಲೇಬೇಕಾಗಿ ಬಂದ್ರೆ ಕಂಟ್ರೋಲ್, ಶಿಫ್ಟ್, ಎನ್ ಮೂರನ್ನೂ ಒಟ್ಟಿಗೆ ಒತ್ತಿ. ಕ್ರೋಮ್‌ನಲ್ಲಿ ಇನ್‌ಕಾಗ್ನಿಟೊ ಕಿಟಕಿ ತೆರೆಯತ್ತೆ. ಅಲ್ಲಿ ಮಾತ್ರ, ಕಿಟಕಿಗಳನ್ನೆಲ್ಲ ಮುಚ್ಚಿದ್ರೆ ಚೀಟಿಯೂ ಹೋಗತ್ತೆ. ಡೌನ್‌ಲೋಡ್ ಆದ ಫೈಲ್ ಮಾತ್ರ ಹಾಗೇ ಇರತ್ತೆ, ಅದನ್ನ ಕೈಯಾರೆ ಅಳಿಸಬೇಕು.

ಹೊಸ ಪದ್ಧತಿ, ಹಳೇ ಪದ್ಧತಿ ಮುಂದಿನ ವಾರ ಖಂಡಿತ.